260 ಪಂದ್ಯದ ಗೆರೆ: ಊರೂರು ತಿರುಗಿದ ಒಬ್ಬ ಐಸ್ ಹಾಕಿ ಆಟಗಾರನ ಪ್ರಕರಣ

ನಾನು ಶಿವಮೊಗ್ಗದಲ್ಲಿ ತೆರಿಗೆ, ಲೆಕ್ಕಪತ್ರದ ಕೆಲಸ ಮಾಡುವವನು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಅಡಿಕೆ ಬೆಳೆಗಾರರು, ಮಂಡಿಯವರು, ಅಂಗಡಿಯವರು. 2020ರ ನವೆಂಬರಿನಲ್ಲಿ ಹಳೆಯ ಕಕ್ಷಿದಾರರೊಬ್ಬರು ತಮ್ಮ ಅಣ್ಣನ ಮಗನನ್ನು ಕರೆದುಕೊಂಡು ಬಂದರು. 27 ವರ್ಷದ ಹುಡುಗ. ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಎಡಹುಬ್ಬಿನ ಮೇಲೆ ಹೊಲಿಗೆಯ ಗುರುತು.

"ಏನು ಕೆಲಸ ಮಾಡ್ತೀಯಪ್ಪಾ?" ಅಂದೆ.

"ಐಸ್ ಹಾಕಿ ಆಡ್ತೀನಿ ಸರ್."

ನನ್ನ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೆ ಕೇಳಿದೆ. "ಅದೇ ಸರ್ ಕೆಲಸ. ಏಳು ವರ್ಷದಿಂದ ಸಂಬಳ ಬರ್ತಿರೋದು ಅದರಿಂದಲೇ" ಅಂದ.

ಅಲ್ಲಿಂದ ಮುಂದೆ ನಾಲ್ಕು ವರ್ಷ ಅವನ ಲೆಕ್ಕ ನಾನೇ ನೋಡಿದೆ. ಅವನ ಮತ್ತು ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ತಂಡಗಳ ಹೆಸರು ಹೇಳುವುದಿಲ್ಲ, ಊರಿನ ಹೆಸರೂ ಇಲ್ಲ, ಕೆಲವು ವಿವರ ಬದಲಿಸಿದ್ದೇನೆ. ಅವನನ್ನು ಪುಟ್ಟು ಎಂದು ಕರೆಯೋಣ. ಮಲೆನಾಡಿನಲ್ಲಿ ಎರಡು ಮನೆಗೆ ಒಬ್ಬ ಪುಟ್ಟು ಇರುವುದರಿಂದ ಯಾರಿಗೂ ಗುರುತು ಹತ್ತುವುದಿಲ್ಲ.

ಬರೆಯಲು ಕಾರಣ ಇದೆ. ಮಕ್ಕಳನ್ನು ಕ್ರೀಡೆಗೆ ಹಾಕುವ ಪೋಷಕರು ಎರಡೇ ಥರದ ಕಥೆ ಕೇಳಿರುತ್ತಾರೆ. ಒಂದು, ಗೆದ್ದು ಕೋಟಿ ದುಡಿದವನದ್ದು. ಇನ್ನೊಂದು, ಕಾಲು ಮುರಿದುಕೊಂಡು ಮನೆಗೆ ಬಂದವನದ್ದು. ನಡುವೆ ಒಂದು ದೊಡ್ಡ ಗುಂಪು ಇದೆ. ಆಟವೇ ಅವರ ಹೊಟ್ಟೆಪಾಡು. ಹೆಸರಿಲ್ಲ, ಆದರೆ ಕೆಲಸ ಇದೆ. ಪ್ರತಿ ವರ್ಷ ಹೊಸ ಊರು, ಹೊಸ ಕರಾರು. ಪುಟ್ಟು ಆ ಗುಂಪಿನವನು.

ತಡೆಯುವವನು

ಮೂಲ ಸಾಗರ–ಹೊಸನಗರ ಕಡೆಯ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ. ಅಪ್ಪ ಎಂಜಿನಿಯರ್. ಪುಟ್ಟುವಿಗೆ ನಾಲ್ಕು ವರ್ಷ ಆಗಿದ್ದಾಗ ಕೆನಡಾದ ಒಂಟಾರಿಯೊಗೆ ಹೋದರು. ತೋಟ ಅಜ್ಜ ಮತ್ತು ಚಿಕ್ಕಪ್ಪನ ಕೈಯಲ್ಲಿ ಉಳಿಯಿತು.

ಅಲ್ಲಿ ಚಳಿಗಾಲ ಅಂದರೆ ಮಕ್ಕಳಿಗೆ ಹಾಕಿ. ಪುಟ್ಟು ಸ್ಕೇಟ್ ಕಟ್ಟಿದ್ದು ಏಳನೇ ವಯಸ್ಸಿನಲ್ಲಿ. ಅಲ್ಲಿಯವರ ಲೆಕ್ಕಕ್ಕೆ ಅದು ತಡ, ಯಾಕೆಂದರೆ ಓರಗೆಯವರು ಮೂರು–ನಾಲ್ಕು ವರ್ಷಕ್ಕೇ ಮಂಜುಗಡ್ಡೆಯ ಮೇಲೆ ನಿಂತಿರುತ್ತಾರೆ. ಆ ತಡ ಅವನ ಆಟದಲ್ಲಿ ಕೊನೆಯವರೆಗೂ ಉಳಿಯಿತು. ಬಲ ಇತ್ತು, ನುಣುಪು ಇರಲಿಲ್ಲ. ಹಾಗಾಗಿ ಗೋಲು ಹೊಡೆಯುವವನಾಗದೆ ತಡೆಯುವವನಾದ.

ಈ ತಡೆಯುವ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು, ಮುಂದಿನ ಎಲ್ಲದಕ್ಕೂ ಅದೇ ಬುಡ. ತಂಡದ ಒಬ್ಬ ತಪ್ಪು ಮಾಡಿದರೆ ಎರಡು ನಿಮಿಷ ಹೊರಗೆ ಕೂರಬೇಕು. ಆಗ ಎದುರು ತಂಡದ ಐದು ಜನರ ಮುಂದೆ ಇವರು ನಾಲ್ಕೇ ಜನ, ಗೋಲು ಕಾಯುವವನನ್ನು ಬಿಟ್ಟು. ಆ ಎರಡು ನಿಮಿಷಕ್ಕೆ ಇಳಿಯುವವನು ಪುಟ್ಟು. ಎದುರಿನವನು ಕೋಲು ಎತ್ತಿದರೆ ಮೈ ಅಡ್ಡ ಹಾಕಬೇಕು. ಪಕ್ ಅನ್ನುವುದು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ತೂಕ ಸುಮಾರು 170 ಗ್ರಾಂ. ಪುಟಿಯಬಾರದು ಅಂತ ಪಂದ್ಯಕ್ಕೆ ಮೊದಲು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಚೆನ್ನಾಗಿ ಹೊಡೆದರೆ ಗಂಟೆಗೆ 140–150 ಕಿ.ಮೀ. ವೇಗದಲ್ಲಿ ಬರುತ್ತದೆ. ಪುಟ್ಟು ನನ್ನ ಕಚೇರಿಯಲ್ಲೇ ಸಾಕ್ಸ್ ತೆಗೆದು ಎಡಪಾದ ತೋರಿಸಿದ. ಹೆಬ್ಬೆರಳಿನ ಹಿಂದೆ ನೆಲ್ಲಿಕಾಯಿಯಷ್ಟು ಗಂಟು. "ಇದು ಸಂಬಳದ ಗಂಟು ಸರ್" ಅಂದ. ಚಿಕ್ಕಪ್ಪ ನಗಲಿಲ್ಲ.

16ನೇ ವಯಸ್ಸಿಗೆ, ಅಂದರೆ 2009ರಲ್ಲಿ, ಮೊದಲ ಕವಲುದಾರಿ ಬಂತು. ಕೆನಡಾದ ಮೇಜರ್ ಜೂನಿಯರ್ ಲೀಗುಗಳಲ್ಲಿ ಒಂದಾದ ಒಂಟಾರಿಯೊ ಹಾಕಿ ಲೀಗಿಗೆ ಹೋಗುವುದೋ, ಅಥವಾ ಎರಡು ವರ್ಷ ಸಣ್ಣ ಲೀಗಿನಲ್ಲಿ ಕಾದು ಅಮೆರಿಕದ ಕಾಲೇಜು ತಂಡ ಸೇರುವುದೋ. ಎರಡೂ ಆಗುತ್ತಿರಲಿಲ್ಲ. ಜೂನಿಯರ್ ಲೀಗಿನಲ್ಲಿ ಹುಡುಗರಿಗೆ ಕೈಖರ್ಚಿಗೆ ಸ್ವಲ್ಪ ಕಾಸು ಕೊಡುತ್ತಾರೆ. ಅಲ್ಲಿ ವೃತ್ತಿಪರ ಕರಾರು ಮಾಡಿಕೊಂಡವರೂ ಆಡುತ್ತಾರೆ. ಆ ಕಾರಣಕ್ಕೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ, ಅಲ್ಲಿ ಆಡಿದವರನ್ನೆಲ್ಲ ವೃತ್ತಿಪರರು ಅಂತ ಎಣಿಸುತ್ತಿತ್ತು. ಒಮ್ಮೆ ಆಡಿದರೆ ಕಾಲೇಜಿನ ಬಾಗಿಲು ಮುಚ್ಚಿದಂತೆ. 2024ರ ನವೆಂಬರಿನಲ್ಲಿ ಆ ನಿಯಮ ಬದಲಿಸಿದರು, 2025–26ರಿಂದ ಬಾಗಿಲು ತೆರೆದಿದೆ. ಪುಟ್ಟುವಿನ ಕಾಲಕ್ಕೆ ಹಾಗಿರಲಿಲ್ಲ.

ಅಪ್ಪನಿಗೆ ಕಾಲೇಜು ಬೇಕಿತ್ತು. ಮಗನಿಗೆ ದೊಡ್ಡ ಲೀಗು ಬೇಕಿತ್ತು. ಗೆದ್ದದ್ದು ಮಗ. ಅಪ್ಪನನ್ನು ಒಪ್ಪಿಸಿದ್ದು ಒಂದು ವಾಗ್ದಾನ: ಆಡಿದ ಪ್ರತಿ ವರ್ಷಕ್ಕೆ ಒಂದು ವರ್ಷದ ಕಾಲೇಜು ಶುಲ್ಕವನ್ನು ಲೀಗಿನ ಕಡೆಯಿಂದ ಕೊಡುತ್ತಾರೆ. ನಾಲ್ಕು ವರ್ಷ ಆಡಿದ, ನಾಲ್ಕು ವರ್ಷದ ಓದು ಜಮೆಯಾಯಿತು. ಆದರೆ ಅದನ್ನು ಬಳಸಲು ಗಡುವು ಇತ್ತು. ಆ ಗಡುವಿನ ಸಾಲನ್ನು ಇಬ್ಬರೂ ಓದಿದ್ದರು, ಇಬ್ಬರೂ ಮರೆತರು.

ಮನೆಯಿಂದ 400 ಕಿ.ಮೀ. ದೂರದ ಊರು. ಅಲ್ಲಿ ಆಟಗಾರರನ್ನು ಊರಿನ ಮನೆಗಳಲ್ಲಿ ಇಡುತ್ತಾರೆ. ಊಟ, ಹಾಸಿಗೆ ಎಲ್ಲ ಆ ಮನೆಯದ್ದೇ. ಇದನ್ನು ಕೇಳಿದ ಅಜ್ಜಿ, "ಓಹೋ, ನಮ್ಮ ಕಾಲದ ವಾರಾನ್ನ!" ಅಂದರಂತೆ. ವಾರಾನ್ನದ ಹುಡುಗ ದಿನಕ್ಕೊಂದು ಮನೆ ತಿರುಗುತ್ತಿದ್ದ. ಇವನು ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ. ಆ ಮನೆಯಾಕೆಗೆ ಚಿತ್ರಾನ್ನ ಮಾಡಲು ಕಲಿಸಿದ. ಇವತ್ತಿಗೂ ಅವರು ಅವನಿಗೆ ಕ್ರಿಸ್‌ಮಸ್ ಕಾರ್ಡು ಕಳಿಸುತ್ತಾರೆ.

ಹತ್ತೂವರೆ ಲಕ್ಷ

ಉತ್ತರ ಅಮೆರಿಕದ ಅತಿ ಮೇಲಿನ ಐಸ್ ಹಾಕಿ ಲೀಗು ಎನ್‌ಎಚ್‌ಎಲ್. ಅದರಲ್ಲಿ ಈಗ 32 ತಂಡ. ವರ್ಷಕ್ಕೊಮ್ಮೆ ಏಳು ಸುತ್ತಿನಲ್ಲಿ ಹೊಸ ಹುಡುಗರನ್ನು ಆರಿಸುತ್ತಾರೆ. ಪುಟ್ಟುವಿನ ಹೆಸರು ಯಾವ ವರ್ಷವೂ ಬರಲಿಲ್ಲ. ಭಾರತ ಮೂಲದವರು ಅಲ್ಲಿಗೆ ಮುಟ್ಟಿಲ್ಲ ಅಂತಲ್ಲ. ರಾಬಿನ್ ಬಾವಾ 1989ರಲ್ಲೇ ಆಡಿದ್ದರು. ಆದರೆ ಅವರೂ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು 61 ಪಂದ್ಯ. ಮೇಲಿನ ಬಾಗಿಲು ಅಷ್ಟು ಕಿರಿದು.

2013ರಲ್ಲಿ ಎರಡನೇ ಕವಲು. ಜಮೆಯಾದ ನಾಲ್ಕು ವರ್ಷದ ಶುಲ್ಕ ಬಳಸಿ ಕೆನಡಾದಲ್ಲೇ ಓದುತ್ತಾ ವಿಶ್ವವಿದ್ಯಾಲಯದ ತಂಡಕ್ಕೆ ಆಡುವುದು ಒಂದು ದಾರಿ. ಇಸಿಎಚ್‌ಎಲ್ ಎಂಬ ಲೀಗಿನ ಕರಾರಿಗೆ ಸಹಿ ಹಾಕುವುದು ಇನ್ನೊಂದು. ಇಸಿಎಚ್‌ಎಲ್ ಅಂದರೆ ಎನ್‌ಎಚ್‌ಎಲ್‌ಗಿಂತ ಎರಡು ಮೆಟ್ಟಿಲು ಕೆಳಗೆ, ನಡುವೆ ಎಎಚ್‌ಎಲ್. ಪುಟ್ಟು ಸಹಿ ಹಾಕಿದ. ಎರಡು ವರ್ಷ ಆಡುವಷ್ಟರಲ್ಲಿ ಶುಲ್ಕದ ಹಕ್ಕು ಕೈತಪ್ಪಿತ್ತು. ನನ್ನ ಪ್ರಕಾರ ಇಡೀ ಪ್ರಕರಣದ ಅತಿ ದುಬಾರಿ ಸಹಿ ಇದೇ.

ಊರಿನಲ್ಲಿ ಮಾತ್ರ ಸಂಭ್ರಮ. ಅಮೆರಿಕದಲ್ಲಿ ಆಡ್ತಾನಂತೆ, ಡಾಲರಿನಲ್ಲಿ ಸಂಬಳವಂತೆ. ನಮ್ಮಲ್ಲಿ ಆಟಗಾರ ಅಂದರೆ ಭದ್ರಾವತಿಯ ವಿಶ್ವನಾಥ್ ಕಾಲದಿಂದಲೂ ಒಂದು ಚಿತ್ರ ಇದೆ ಅಲ್ವಾ, ಅದರಲ್ಲಿ ಹಸಿವು ಬರುವುದಿಲ್ಲ.

ಅವನ ಹಳೆಯ ಕಾಗದ ತರಿಸಿ ನಾನು ಲೆಕ್ಕ ಹಾಕಿದೆ. ವಾರಕ್ಕೆ 600 ಡಾಲರ್. ಆಟದ ಋತುವಿನಲ್ಲಿ ಮಾತ್ರ, ಅಂದರೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸುಮಾರು 26 ವಾರ. ಒಟ್ಟು 15,600 ಡಾಲರ್. 2016ರ ದರದಲ್ಲಿ ಹತ್ತೂವರೆ ಲಕ್ಷ ರೂಪಾಯಿ. ಋತು ಮುಗಿಯುವವರೆಗೆ ಮನೆ ತಂಡದ್ದು. ಹೊರಗೆ ಆಡಲು ಹೋದಾಗ ಊಟದ ಭತ್ಯೆ. ಹತ್ತೂವರೆ ಲಕ್ಷ ಅಂದರೆ ನಮ್ಮ ಮೂರು ಎಕರೆ ತೋಟಕ್ಕೆ ಒಳ್ಳೆಯ ವರ್ಷ. ಆದರೆ ಏಪ್ರಿಲ್ ಮುಗಿದ ಮರುದಿನ ಮನೆಯ ಕೀಲಿ ವಾಪಸು ಕೊಡಬೇಕು. ಮುಂದಿನ ಐದಾರು ತಿಂಗಳು ಸಂಬಳ ಇಲ್ಲ, ಖರ್ಚು ಇದೆ. ಬೇಸಿಗೆಯಲ್ಲಿ ಜಿಮ್ಮು, ತರಬೇತಿ, ಮಂಜುಗಡ್ಡೆಯ ಬಾಡಿಗೆ ಎಲ್ಲ ಕೈಯಿಂದ. ತೆರಿಗೆ ಕಳೆದು ಹನ್ನೆರಡು ತಿಂಗಳಿಗೆ ಹಂಚಿದರೆ ಬೆಂಗಳೂರಿನ ಒಬ್ಬ ಹೊಸ ಸಾಫ್ಟ್‌ವೇರ್ ಹುಡುಗನ ಸಂಬಳ, ಅದೂ ಅಮೆರಿಕದ ಬೆಲೆಗಳ ನಡುವೆ.

ನಾಲ್ಕು ವರ್ಷದಲ್ಲಿ ನಾಲ್ಕು ತಂಡ. ಎರಡನೆಯದರಿಂದ ಮೂರನೆಯದಕ್ಕೆ ಹೋದದ್ದು ವಿನಿಮಯದಲ್ಲಿ. ಒಬ್ಬನನ್ನು ಕೊಟ್ಟು ಒಬ್ಬನನ್ನು ತೆಗೆದುಕೊಳ್ಳುವ ಪದ್ಧತಿ ಅಲ್ಲಿದೆ. "ನಿನ್ನ ಬದಲಿಗೆ ಯಾರನ್ನು ಕೊಟ್ಟರೋ?" ಅಂತ ಚಿಕ್ಕಪ್ಪ ಫೋನಿನಲ್ಲಿ ಕೇಳಿದ್ದರಂತೆ. ಯಾರನ್ನೂ ಕೊಟ್ಟಿರಲಿಲ್ಲ. ಕಾಗದದಲ್ಲಿ ಬರೆದದ್ದು 'ಮುಂದೆ ಪರಿಗಣಿಸಲಾಗುವುದು' ಅಂತ. ಸಂತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವನು "ಆಮೇಲೆ ನೋಡೋಣ ಮಾರಾಯ" ಅಂದ ಹಾಗೆ.

2015ರಲ್ಲಿ ಒಮ್ಮೆ ಎಎಚ್‌ಎಲ್‌ನಿಂದ ಕರೆ ಬಂತು. ಅಲ್ಲಿ 25 ಪಂದ್ಯದ ತಾತ್ಕಾಲಿಕ ಕರಾರು ಇರುತ್ತದೆ. ಯಾರೋ ಗಾಯಗೊಂಡರೆ ಕೆಳಗಿನಿಂದ ಒಬ್ಬ. ಪುಟ್ಟು ಒಂಬತ್ತು ಪಂದ್ಯ ಆಡಿದ. ಗಾಯಗೊಂಡವನು ವಾಸಿಯಾಗಿ ಬಂದ, ಇವನು ವಾಪಸು ಬಸ್ಸು ಹತ್ತಿದ. ಈ ಒಂಬತ್ತು ಪಂದ್ಯ ಅವನನ್ನು ಇನ್ನೂ ಎರಡು ವರ್ಷ ಹಿಡಿದಿಟ್ಟಿತು. ಕಾಣದ ಬಾಗಿಲಿಗಿಂತ ಅರೆ ತೆರೆದ ಬಾಗಿಲು ಜಾಸ್ತಿ ಕೂರಿಸುತ್ತದೆ.

ಕೊನೆಗೌಡನ ಮೊಣಕಾಲು

2016ರ ಜೂನ್‌ನಲ್ಲಿ ಅಜ್ಜನ ವರ್ಷಾಂತಿಕಕ್ಕೆ ಪುಟ್ಟು ಊರಿಗೆ ಬಂದ. ಹಾಕಿಯ ಬಿಡುವು ಮತ್ತು ನಮ್ಮ ಮಳೆಗಾಲ ಒಟ್ಟಿಗೇ ಬೀಳುತ್ತವೆ. ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಮಯ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನು ಕದಡುವ ಕೆಲಸ ಪುಟ್ಟುವಿಗೆ ಕೊಟ್ಟರು. ಅಂಗೈಯೆಲ್ಲ ನೀಲಿ.

ಚಿಕ್ಕಪ್ಪ ಯಕ್ಷಗಾನದ ಹುಚ್ಚಿನವರು. ಅಣ್ಣನ ಮಗ ಏನು ಮಾಡುತ್ತಾನೆ ಅಂತ ಊರವರು ಕೇಳಿದರೆ ಅವರ ಉತ್ತರ ತಯಾರು: "ಮೇಳದ ಕಲಾವಿದ ಇದ್ದ ಹಾಗೆ. ಆರು ತಿಂಗಳು ತಿರುಗಾಟ, ಮಳೆಗಾಲಕ್ಕೆ ಮನೆ. ಬರುವ ವರ್ಷ ಯಾವ ಮೇಳ ಅಂತ ಯಜಮಾನನಿಗೇ ಗೊತ್ತು." ಪುಟ್ಟುವಿನ ವೃತ್ತಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಲಿಲ್ಲ. ವೇಷ ಯಾವುದು ಅಂತ ಕೇಳಿದರೆ "ಸಣ್ಣದೇ. ಆದರೆ ಅದಿಲ್ಲದೆ ಪ್ರಸಂಗ ನಡೆಯೂದಿಲ್ಲ" ಅನ್ನುತ್ತಿದ್ದರಂತೆ.

ಔಷಧಿ ಹೊಡೆಯಲು ಮರ ಹತ್ತಿದ್ದವನು ಅವರ ಮನೆಯ ಹಳೆಯ ಕೊನೆಗೌಡ. ಸುಗ್ಗಿಯಲ್ಲಿ ತೋಟದಿಂದ ತೋಟಕ್ಕೆ ಹೋಗಿ ಅಡಿಕೆಗೊನೆ ಇಳಿಸುವವನು. ವಯಸ್ಸು ಐವತ್ತು ದಾಟಿತ್ತು. ಮರದಿಂದ ಇಳಿದವನು ಮೊಣಕಾಲು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತ. ಚಿಕ್ಕಪ್ಪ ಅವನ ಕಡೆ ನೋಡಿ ಪುಟ್ಟುವಿಗೆ ಕೇಳಿದರು, "ನೀನು ಇನ್ನು ಎಷ್ಟು ವರ್ಷ ಹತ್ತೂದು?"

ಆ ಸೆಪ್ಟೆಂಬರಿನಲ್ಲಿ ಪುಟ್ಟು ದೂರಶಿಕ್ಷಣದ ಪದವಿಗೆ ಸೇರಿದ. ಒಂದು ಸಲಕ್ಕೆ ಒಂದೇ ವಿಷಯ. ಬಸ್ಸಿನಲ್ಲಿ ಹತ್ತು ಗಂಟೆ ಪ್ರಯಾಣ ಇದ್ದಾಗ ಉಳಿದವರು ಇಸ್ಪೀಟು ಆಡುತ್ತಿದ್ದರೆ ಇವನು ಹಿಂದಿನ ಸೀಟಿನಲ್ಲಿ ಲೆಕ್ಕಶಾಸ್ತ್ರ ಓದುತ್ತಿದ್ದ. ಪದವಿ ಮುಗಿಯಲು ಐದು ವರ್ಷ ಹಿಡಿಯಿತು. ಖರ್ಚು ಪೂರ್ತಿ ಅವನದ್ದೇ. ಜಮೆಯಾಗಿದ್ದ ನಾಲ್ಕು ವರ್ಷದ ಶುಲ್ಕ ನೆನಪಾದರೆ ಈಗಲೂ ನನಗೇ ಹೊಟ್ಟೆ ಉರಿಯುತ್ತದೆ.

261

ಇಸಿಎಚ್‌ಎಲ್‌ನಲ್ಲಿ ಒಂದು ನಿಯಮ ಇದೆ. ಋತು ಶುರುವಾಗುವ ಹೊತ್ತಿಗೆ 260 ಅಥವಾ ಅದಕ್ಕಿಂತ ಜಾಸ್ತಿ ವೃತ್ತಿಪರ ಪಂದ್ಯ ಆಡಿದವನು 'ಹಿರಿಯ'. ಒಂದು ತಂಡದಲ್ಲಿ ಹಿರಿಯರು ನಾಲ್ಕೇ ಜನ ಇರಬಹುದು. ಹೊಸ ಹುಡುಗರನ್ನು ಬೆಳೆಸುವ ಲೀಗು, ಹಳಬರು ಜಾಗ ಹಿಡಿದು ಕೂರಬಾರದು ಅನ್ನುವುದು ಉದ್ದೇಶ. ನಿಯಮ ತಪ್ಪಲ್ಲ. ಆದರೆ ನಾಲ್ಕೇ ಜಾಗ ಇದ್ದರೆ ತಂಡದವರು ಅದನ್ನು ಯಾರಿಗೆ ಕೊಡುತ್ತಾರೆ? ಗೋಲು ಹೊಡೆಯುವವನಿಗೆ. ತಡೆಯುವ ಕೆಲಸಕ್ಕೆ 22 ವರ್ಷದ ಹೊಸಬ ಸಾಕು.

2017ರ ಏಪ್ರಿಲ್, ಋತುವಿನ ಕೊನೆಯ ವಾರ. ಪುಟ್ಟುವಿನ ಹೆಸರಿನಲ್ಲಿ 258 ಪಂದ್ಯ. ಹಿಮ್ಮಡಿಯ ಮೇಲೆ ಬಾವು. ತಂಡ ಮುಂದಿನ ಸುತ್ತಿಗೆ ಹೋಗುವುದಿಲ್ಲ ಅಂತ ಆಗಲೇ ಖಚಿತ. ಮೂರು ಪಂದ್ಯ ಉಳಿದಿತ್ತು. ಕೂರಬಹುದಿತ್ತು. ಆದರೆ ಕೋಚ್ ಕೇಳಿದ, ಇವನು ಇಂಜೆಕ್ಷನ್ ಹಾಕಿಸಿಕೊಂಡು ಮೂರೂ ಆಡಿದ. 261.

"ನಿಯಮ ಗೊತ್ತಿರಲಿಲ್ವಾ?" ಅಂದೆ.

"ಗೊತ್ತಿತ್ತು ಸರ್. ಎಣಿಸಿರಲಿಲ್ಲ."

ಎಣಿಸಿದ್ದರೆ ಏನಾಗುತ್ತಿತ್ತು? ಬಹುಶಃ ಇನ್ನೊಂದು ವರ್ಷ ಅಲ್ಲೇ. ಅದು ಒಳ್ಳೆಯದಾಗುತ್ತಿತ್ತೋ ಕೆಟ್ಟದ್ದೋ, ಅದು ಬೇರೆ ಮಾತು. ಆದರೆ ಬಿಡುವುದನ್ನು ಅವನು ತೀರ್ಮಾನಿಸಿದ ಹಾಗಾಗುತ್ತಿತ್ತು. ಈಗ ತೀರ್ಮಾನಿಸಿದ್ದು ಒಂದು ಅಂಕೆ. ಆ ಬೇಸಿಗೆ ಫೋನೇ ಬರಲಿಲ್ಲ.

ಏಜೆಂಟ್ ಯುರೋಪಿನ ದಾರಿ ತೋರಿಸಿದ. ಮಧ್ಯ ಯುರೋಪಿನ ಒಂದು ಸಣ್ಣ ಊರು. ತೆರಿಗೆ ಕಳೆದು ಕೈಗೆ ಇಷ್ಟು ಅಂತ ಕರಾರು, ಮನೆ, ಹಳೆಯ ಕಾರು. ಕಾಗದದ ಮೇಲೆ ಅಮೆರಿಕಕ್ಕಿಂತ ಚೆನ್ನಾಗಿತ್ತು. ಸಮಸ್ಯೆ ಬೇರೆ ಕಡೆ ಇತ್ತು. ಅಲ್ಲಿನ ಲೀಗುಗಳಲ್ಲಿ ಹೊರದೇಶದವರಿಗೆ ಮಿತಿ ಇರುತ್ತದೆ. ಇಷ್ಟೇ ಜನ ಪರದೇಶಿಯರು ಅಂತ ಆದ ಮೇಲೆ ಪ್ರತಿ ಪರದೇಶಿಯೂ ಊರಿನ ಹುಡುಗನಿಗಿಂತ ಎದ್ದು ಕಾಣಬೇಕು. ಎದ್ದು ಕಾಣುವುದು ಅಂದರೆ ಗೋಲು. ಪಕ್‌ಗೆ ಮೈ ಒಡ್ಡುವವನನ್ನು ಯಾರೂ ಹೊರದೇಶದಿಂದ ತರಿಸುವುದಿಲ್ಲ. ಅಂಕಣವೂ ಅಗಲ. ಅಮೆರಿಕದಲ್ಲಿ 26 ಮೀಟರ್ ಅಗಲ, ಇಲ್ಲಿ ಹಲವು ಕಡೆ 30 ಮೀಟರ್. ಇಕ್ಕಟ್ಟಿನಲ್ಲಿ ಅಡ್ಡ ಬರುವುದೇ ಪುಟ್ಟುವಿನ ವಿದ್ಯೆ. ಜಾಗ ಜಾಸ್ತಿ ಆದಷ್ಟೂ ಅವನು ಕಡಿಮೆಯಾದ.

ಆಟಗಾರ ಅದೇ, ಕಾಲು ಅದೇ. ಒಂದು ಕಡೆ ಬೇಕಾದವನು ಇನ್ನೊಂದು ಕಡೆ ದಂಡದ ಖರ್ಚು. ಇದನ್ನು ಏಜೆಂಟ್ ಹೇಳಲಿಲ್ಲ. ಪುಟ್ಟು ಕೇಳಲಿಲ್ಲ. 'ಸಂಬಳ ಎಷ್ಟು' ಅನ್ನುವ ಮೊದಲು 'ನನ್ನಿಂದ ಏನು ಮಾಡಿಸುತ್ತೀರಿ' ಅಂತ ಕೇಳಬೇಕಿತ್ತು.

ಮೊದಲ ವರ್ಷ ಹೇಗೋ ಮುಗಿಯಿತು, ಕೊನೆಯ ಎರಡು ತಿಂಗಳ ಸಂಬಳ ಬೇಸಿಗೆ ಕಳೆದ ಮೇಲೆ ಬಂತು. ಎರಡನೇ ವರ್ಷ ಇನ್ನೊಂದು ದೇಶದ ತಂಡ ನವೆಂಬರಿನಲ್ಲೇ ಕೈಬಿಟ್ಟಿತು. ಮೂರನೆಯದು ಪರವಾಗಿಲ್ಲ ಅನ್ನುವಾಗ 2020ರ ಮಾರ್ಚ್ ಬಂತು. ಕೊರೊನಾ. ಒಂದೇ ವಾರದಲ್ಲಿ ಒಂದರ ಹಿಂದೆ ಒಂದು ಲೀಗು ನಿಂತಿತು.

ನನ್ನ ತಪ್ಪು

ಒಂಟಾರಿಯೊದಲ್ಲಿ ಅಪ್ಪನ ಮನೆಯ ಕೆಳಮಹಡಿಯಲ್ಲಿ ಆರು ತಿಂಗಳು ಕೂತು, ಅಕ್ಟೋಬರಿನಲ್ಲಿ ಪುಟ್ಟು ಮಲೆನಾಡಿಗೆ ಬಂದ. ಕೊಯ್ಲು ಶುರುವಾಗಿತ್ತು. ಉಳಿತಾಯ ಸುಮಾರು 22 ಲಕ್ಷ. ಇಲ್ಲೇ ಇದ್ದುಬಿಡುತ್ತೇನೆ, ಪಕ್ಕದ ಒಂದೂವರೆ ಎಕರೆ ತೋಟ ಮಾರಾಟಕ್ಕಿದೆ, ಕೊಳ್ಳುತ್ತೇನೆ ಅಂದ. ನನ್ನ ಹತ್ತಿರ ಬಂದದ್ದೇ ಅದಕ್ಕೆ.

ಇಲ್ಲಿ ತಪ್ಪು ನನ್ನದು. ಆ ವರ್ಷವೇ ಕರ್ನಾಟಕದಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದ್ದರು. ದಿನಕ್ಕೆ ನಾಲ್ಕು ಜನ ಅದನ್ನೇ ಕೇಳುತ್ತಿದ್ದರು. "ಈಗ ತೊಂದರೆ ಇಲ್ಲ" ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅವನು ಕೆನಡಾದ ಪ್ರಜೆ, ಕೈಯಲ್ಲಿರುವುದು ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡು. ವಿದೇಶಿ ವಿನಿಮಯ ಕಾಯ್ದೆ ಫೆಮಾ ಪ್ರಕಾರ ಒಸಿಐ ಇದ್ದವರು ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮೂರು ದಿನ ಬಿಟ್ಟು ರಾತ್ರಿ ಊಟಕ್ಕೆ ಕೂತಾಗ ಇದು ಹೊಳೆಯಿತು. ತುತ್ತು ಗಂಟಲಲ್ಲೇ ನಿಂತಿತು. ಫೋನು ಮಾಡುವಷ್ಟರಲ್ಲಿ ಒಂದು ಲಕ್ಷ ಮುಂಗಡ ಕೊಟ್ಟಾಗಿತ್ತು. ಚಿಕ್ಕಪ್ಪ ಹೋಗಿ ಮಾತಾಡಿ 80 ಸಾವಿರ ವಾಪಸು ತಂದರು. ಉಳಿದ 20 ಸಾವಿರವನ್ನು ನಾನು ಕೊಟ್ಟೆ. ಪುಟ್ಟು ಬೇಡ ಅಂದ, ಚಿಕ್ಕಪ್ಪ ತೆಗೆದುಕೊಂಡರು. ಸರಿಯಾಗಿಯೇ ಮಾಡಿದರು.

ಆಮೇಲೆ ಶಿವಮೊಗ್ಗದಲ್ಲಿ ರೋಲರ್ ಸ್ಕೇಟಿಂಗ್ ಕಲಿಯುವ ಮಕ್ಕಳಿಗೆ ಚಕ್ರದ ಹಾಕಿ ಕಲಿಸಲು ನೋಡಿದ. ಹನ್ನೊಂದು ಮಕ್ಕಳು ಬಂದರು. ಮೂರು ತಿಂಗಳು ನಡೆಯಿತು, ಎರಡನೇ ಅಲೆಗೆ ನಿಂತಿತು. ಭಾರತ ತಂಡಕ್ಕೆ ಆಡಬಹುದಾ ಅಂತಲೂ ಕೇಳಿದ. ನಮ್ಮಲ್ಲಿ ಈ ಆಟ ಬೇರು ಬಿಟ್ಟಿರುವುದು ಲಡಾಖ್‌ನಲ್ಲಿ. ಆದರೆ ದೇಶಕ್ಕೆ ಆಡಲು ಭಾರತದ ಪಾಸ್‌ಪೋರ್ಟೇ ಬೇಕು, ಎರಡು ಪೌರತ್ವ ನಮ್ಮ ಕಾನೂನಿನಲ್ಲಿ ಇಲ್ಲ.

ಅಷ್ಟೂ ದಿನ ಅವನು ಅಭ್ಯಾಸ ಬಿಡಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಸಿಮೆಂಟಿನ ಅಂಗಳದ ಅರ್ಧ ಭಾಗದಲ್ಲಿ ಚಾಲಿ ಅಡಿಕೆ ಬಿಸಿಲಿಗೆ ಒಣಗಲು ಹಾಕಿದ್ದರು. ಉಳಿದರ್ಧದಲ್ಲಿ ಪುಟ್ಟು, ಕೈಯಲ್ಲಿ ಕೋಲು. ಪಕ್ ಬದಲಿಗೆ ಒಂದು ಒಣಗಿದ ಅಡಿಕೆ. ಬಲಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ. ಟಕಟಕ ಸದ್ದು. ಅಡಿಕೆ ಪೂರ್ತಿ ದುಂಡಗೆ ಇರುವುದಿಲ್ಲ, ಎತ್ತಲೋ ಹಾರುತ್ತದೆ. ಇವನ ಕೋಲು ಅದಕ್ಕಿಂತ ಮೊದಲೇ ಅಲ್ಲಿರುತ್ತಿತ್ತು. ಕಣ್ಣು ಮಾತ್ರ ಕೆಳಗಿಲ್ಲ, ನನ್ನ ಮುಖ ನೋಡಿ ಮಾತಾಡುತ್ತಿದ್ದ. ಗೋಲು ಹೊಡೆಯಲು ಬಾರದವನು ಅಂತ ಏಳು ವರ್ಷ ಕರೆಸಿಕೊಂಡವನ ಕೈ ಅದು. ಮೇಲಿನವರ ಕೈ ಹೇಗಿರಬಹುದು ಅಂತ ಆವತ್ತು ಅಂದಾಜಾಯಿತು. ಇವನು ಇನ್ನೂ ಮುಗಿದಿಲ್ಲ ಅಂತಲೂ ಅನ್ನಿಸಿತು.

ಎರಡು ಕರಾರು

2021ರ ಬೇಸಿಗೆಯಲ್ಲಿ ಪದವಿ ಮುಗಿಯಿತು. ಜೂನ್‌ನಲ್ಲಿ ಎರಡು ಕರೆ ಬಂದವು. ಒಂದು ಮತ್ತೆ ಮಧ್ಯ ಯುರೋಪಿನದು, ಮೇಲ್ದರ್ಜೆಯ ಲೀಗು. ತಿಂಗಳಿಗೆ ಕೈಗೆ 2,200 ಯೂರೊ, ಎಂಟು ತಿಂಗಳು. ಇನ್ನೊಂದು ಬ್ರಿಟನ್ನಿನ ಎಲೈಟ್ ಲೀಗಿನದು. ಹತ್ತು ತಂಡಗಳ ಲೀಗು, ಹೆಸರಿನಲ್ಲಿ ಸ್ವಲ್ಪ ಕೆಳಗೆ. ವಾರಕ್ಕೆ 350 ಪೌಂಡ್, 32 ವಾರ. ಮನೆ ಇದೆ, ಕಾರು ಇನ್ನೊಬ್ಬನ ಜೊತೆ ಹಂಚಿಕೊಳ್ಳಬೇಕು. ಜೊತೆಗೆ ಊರಿನ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ, ಶುಲ್ಕ ಇಲ್ಲ. ಬ್ರಿಟನ್ನಿನ ಹಲವು ತಂಡಗಳು ಹೀಗೆ ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಇಟ್ಟುಕೊಂಡಿವೆ. ಸಂಬಳದಲ್ಲಿ ಸ್ಪರ್ಧಿಸಲಾಗದ್ದನ್ನು ಓದಿನಲ್ಲಿ ತುಂಬುತ್ತವೆ.

ಪುಟ್ಟುವಿನ ಮನಸ್ಸು ಮೊದಲನೆಯದರ ಕಡೆ. 'ಮೇಲ್ದರ್ಜೆ' ಅನ್ನುವ ಮಾತೇ ಸಾಕಿತ್ತು. ನಾನು ಒಂದು ಹಾಳೆ ತೆಗೆದು ಗೀಟು ಎಳೆದೆ. ಆ ಕಡೆ 17,600 ಯೂರೊ, ಸುಮಾರು ಹದಿನೈದೂವರೆ ಲಕ್ಷ. ಈ ಕಡೆ 11,200 ಪೌಂಡ್, ತೆರಿಗೆಗೆ ಮೊದಲು ಹನ್ನೊಂದೂವರೆ ಲಕ್ಷ. ನಾಲ್ಕು ಲಕ್ಷ ಕಡಿಮೆ. ಆಮೇಲೆ ಕೆಳಗೆ ಶುಲ್ಕ ಬರೆದೆ. ಹೊರದೇಶದ ವಿದ್ಯಾರ್ಥಿಯಾಗಿ ಅದೇ ಪದವಿಗೆ 15 ಸಾವಿರ ಪೌಂಡ್ ಆಸುಪಾಸು. ಹಾಳೆಯನ್ನು ಅವನ ಕಡೆ ತಿರುಗಿಸಿದೆ. ಏನೂ ಹೇಳಲಿಲ್ಲ. ಹಿಂದಿನ ಸಲ ಬಾಯಿ ಬಿಟ್ಟು ಆದದ್ದು ನೆನಪಿತ್ತು.

ಅವನು ಕೇಳಿದ್ದು ಮಾತ್ರ ಬೇರೆ. ಅಲ್ಲೇ ಕೂತು ಬ್ರಿಟನ್ನಿನ ಕೋಚ್‌ಗೆ ಫೋನು ಹಚ್ಚಿ, "ನನ್ನಿಂದ ಏನು ಮಾಡಿಸ್ತೀರಿ?" ಅಂದ. ಆ ಕೋಚ್ 2014ರಲ್ಲಿ ಇದೇ ಪುಟ್ಟುವಿನ ತಂಡದಲ್ಲಿ ಆಡಿದವನು, ಬಸ್ಸಿನಲ್ಲಿ ಪಕ್ಕದ ಸೀಟಿನವನು. "ನಾಲ್ಕು ಜನ ಇದ್ದಾಗ ಇಳಿಯೋದು. ನೀನು ಯಾವತ್ತೂ ಮಾಡ್ತಿದ್ದದ್ದೇ" ಅಂದನಂತೆ. ಫೋನು ಇಟ್ಟು ಬ್ರಿಟನ್ನಿನ ಕರಾರನ್ನು ಮುಂದಕ್ಕೆ ಎಳೆದುಕೊಂಡ.

ಮೂರು ವರ್ಷ ಒಂದೇ ತಂಡ, ಒಂದೇ ಊರು. ಅವನ ವೃತ್ತಿಯಲ್ಲೇ ಮೊದಲು. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ತರಗತಿ, ವಾರಾಂತ್ಯ ಪಂದ್ಯ. 2022ರಲ್ಲಿ ಕ್ರೀಡಾ ನಿರ್ವಹಣೆಯಲ್ಲಿ ಪದವಿ ಬಂತು. ಗೋಲು ಎಷ್ಟು ಅಂತ ಕೇಳಿದರೆ ಮೂರು ವರ್ಷಕ್ಕೆ ಸೇರಿ 19.

2023ರ ಅಕ್ಟೋಬರ್ 28ರಂದು ಶೆಫೀಲ್ಡಿನಲ್ಲಿ ನಡೆದ ಪಂದ್ಯದಲ್ಲಿ ನಾಟಿಂಗ್‌ಹ್ಯಾಮ್ ತಂಡದ ಆಡಮ್ ಜಾನ್ಸನ್ ಕುತ್ತಿಗೆಗೆ ಸ್ಕೇಟಿನ ಅಲಗು ತಾಗಿ ತೀರಿಕೊಂಡರು. ವಯಸ್ಸು 29. ಪುಟ್ಟುವಿನ ತಂಡ ಅಲ್ಲಿರಲಿಲ್ಲ, ಆದರೆ ಲೀಗು ಒಂದೇ. ಸುದ್ದಿ ವಾಟ್ಸಾಪ್‌ನಲ್ಲಿ ಸಾಗರದವರೆಗೆ ಬರಲು ಒಂದು ದಿನವೂ ಬೇಕಾಗಲಿಲ್ಲ. ಅಜ್ಜಿ ಫೋನು ಮಾಡಿಸಿ, "ಮಫ್ಲರ್ ಕಟ್ಟಿಕೊಂಡು ಆಡೋ" ಅಂದರು. ಯಾರೂ ನಗಲಿಲ್ಲ. 2024ರ ಜನವರಿ 1ರಿಂದ ಆ ಲೀಗಿನಲ್ಲಿ ಕುತ್ತಿಗೆಯ ರಕ್ಷೆ ಕಡ್ಡಾಯವಾಯಿತು. ಪುಟ್ಟು ನವೆಂಬರಿನಲ್ಲೇ ಹಾಕಿಕೊಂಡಿದ್ದ. ಅದರ ಫೋಟೋ ತೆಗೆದು ಕಳಿಸಿದ, ಅಜ್ಜಿ ಫೋನನ್ನು ದೂರ ಹಿಡಿದು ನೋಡಿ "ಇನ್ನೂ ಸ್ವಲ್ಪ ಮೇಲೆ ಬೇಕು" ಅಂದರಂತೆ.

2024ರ ಏಪ್ರಿಲ್‌ನಲ್ಲಿ ಅವನೇ ಬಿಟ್ಟ. ತಂಡ ಇನ್ನೊಂದು ವರ್ಷಕ್ಕೆ ಕೇಳಿತ್ತು. ಹೆದರಿ ಬಿಟ್ಟೆಯಾ ಅಂದೆ. "ಸ್ವಲ್ಪ ಅದೂ ಇದೆ. ಆದರೆ ಈ ಸಲ ಎಣಿಸಿದ್ದೆ ಸರ್" ಅಂದ. ಅವನ ವಯಸ್ಸು 31 ಆಗುತ್ತಿತ್ತು, ಒಂಟಾರಿಯೊದ ಒಂದು ಪುರಸಭೆ ತನ್ನ ಮಂಜುಗಡ್ಡೆ ಅಂಕಣ ನೋಡಿಕೊಳ್ಳಲು ಜನ ಕರೆದಿತ್ತು, ಅರ್ಜಿಯ ಗಡುವು ಮೇ 10. ಈ ಗಡುವನ್ನು ಅವನು ಓದಿದ, ಮರೆಯಲಿಲ್ಲ. ಈಗ ಅಲ್ಲಿ ಕೆಲಸ. ಹನ್ನೆರಡು ತಿಂಗಳೂ ಸಂಬಳ. ಮಕ್ಕಳಿಗೆ ಯಾವ ಹೊತ್ತು, ದೊಡ್ಡವರಿಗೆ ಯಾವ ಹೊತ್ತು ಅಂತ ಸಮಯ ಹಂಚುವುದು, ಯಂತ್ರ ಓಡಿಸಿ ಗಡ್ಡೆ ನಯ ಮಾಡಿಸುವುದು. ಜೂನ್‌ನಲ್ಲಿ ಎರಡು ವಾರ ರಜೆ ಹಾಕಿ ಔಷಧಿ ಹೊಡೆಯುವ ಹೊತ್ತಿಗೆ ಬರುತ್ತಾನೆ.

ಕಳೆದ ಜನವರಿಯಲ್ಲಿ ಚಿಕ್ಕಪ್ಪನ ಒಂದು ಸಹಿ ಬೇಕಾಗಿ ಅವರ ಮನೆಗೆ ಹೋಗಿದ್ದೆ. ಅಂಗಳದ ತುಂಬ ಚಾಲಿ. ಅವರು ಬಗ್ಗಿ ಅಡಿಕೆ ಹರವುತ್ತಿದ್ದರು. ಕೈಯಲ್ಲಿದ್ದದ್ದು 2021ರಲ್ಲಿ ಪುಟ್ಟು ಬಿಟ್ಟು ಹೋದ ಹಾಕಿ ಕೋಲು.

"ಒಳ್ಳೆ ಸಾಮಾನು ಮಾರಾಯ್ರೆ, ಹಗುರ. ಒಂದೂ ಅಡಿಕೆ ತಪ್ಪಿಸಿಕೊಳ್ಳೂದಿಲ್ಲ" ಅಂದರು. ಆಮೇಲೆ ಕೋಲಿನ ತುದಿಯ ಡೊಂಕನ್ನು ತೋರಿಸಿ ಗೊಣಗಿದರು, "ಇದೊಂದೇ. ಎಡಗಡೆಯಿಂದ ಹೊಡೆಯುವವರಿಗೆ ಮಾಡಿದ್ದಂತೆ. ನಾನು ಅಂಗಳಕ್ಕೆ ಬೆನ್ನು ಹಾಕಿ ನಿಲ್ಲಬೇಕು."